ಕೋಳಿಯ ನೆಂಟಸ್ತಿಕೆ

ಮನುಷ್ಯನಿಗೆ ಎಲ್ಲರಿಗಿಂತ ಹತ್ತಿರದ ನೆಂಟ ಕೋಳಿ ಎಂದು ಕಂಪ್ಯೂಟರ್ ಹೇಳಿಬಿಟ್ಟಿತ್ತು. ಮದರಾಸಿನ ಮಾಂಬಲದ ಮನೆಯ ಹಜಾರದಲ್ಲಿ ಪ್ರೊಫೆಸರ್ ಶಂಕರನಾರಾಯಣ ಅದು ಅಚ್ಚು ಮಾಡಿಕೊಟ್ಟ ಮಾರುದ್ದದ ಕಾಗದ ಹರಡಿಕೊಂಡು, ಬೆವರೊರೆಸಿಕೊಳ್ಳುತ್ತ ಕೋಳಿಯ ಪರ ವಾದಿಸುತ್ತಿದ್ದರು. ಎದುರಿಗೆ ಕೂತಿದ್ದವರು ಕಾಲೇಜಿನ ಡೀನ್ ಸದಾನಂದರಾಯರು.

"ಕಂಪ್ಯೂಟರ್ ಮೇಷ್ಟ್ರಿಗೆ ಕೋಳಿ, ಕೋತಿ ಯಾಕ್ರೀ? ಕಂಪ್ಯೂಟರಲ್ಲಿ ನಿಮಗಿರೋ ವಾರದ ಎರಡು ಗಂಟೆಗೆ ಸೇತುವೆ ಲೆಕ್ಕದವರು ಬಾಯಿ ಬಿಟ್ಕೊಂಡು ಕಾಯ್ತಿದ್ದಾರೆ."

ಎಂಬತ್ತೊಂದನೇ ಇಸವಿಯಲ್ಲಿ ಇಡೀ ಕಾಲೇಜಿಗೆ ಇದ್ದದ್ದು ಒಂದೇ ಕಂಪ್ಯೂಟರ್. ಆ ಎರಡು ಗಂಟೆ ಕೈತಪ್ಪಿದರೆ ಶಂಕರನಾರಾಯಣರ ನಾಲ್ಕು ವರ್ಷದ ಸಂಶೋಧನೆ ನೀರುಪಾಲು.

ಅಷ್ಟರಲ್ಲಿ ಕಾಫಿ ತಂದ ಸೋದರತ್ತೆ ಶಾರದಮ್ಮ ಕಾಗದದ ಮೇಲೆ ಬಗ್ಗಿದರು. ಮದರಾಸಿನ ಕನ್ನಡದವರಲ್ಲಿ ಯಾರಿಗೆ ಯಾರು ಏನಾಗಬೇಕೆಂಬುದು ಅವರಿಗೆ ಬಾಯಿಪಾಠ. ಅರ್ಧ ಮದುವೆಗಳು ಅವರೇ ಕುದುರಿಸಿದ್ದು.

"ಯಾರ ವಂಶವೃಕ್ಷವೋ ಇದು?"

"ಪ್ರಾಣಿಗಳದ್ದು ಅತ್ತೆ. ಎಲ್ಲರ ಮೈಯಲ್ಲೂ ಇರೋ ಒಂದು ಪ್ರೋಟೀನನ್ನ ಅಕ್ಷರಗಳಲ್ಲಿ ಬರೆದು ಹೋಲಿಸೋದು. ವ್ಯತ್ಯಾಸ ಕಮ್ಮಿ ಇದ್ರೆ ಹತ್ತಿರದ ನೆಂಟರು."

"ಕೋತಿ ಎಲ್ಲಿ?"

"ಇಲ್ಲಿ... ಮೀನಿನ ಪಕ್ಕ."

"ಕೋತೀನ ಮೀನಿನ ಮನೆಗೆ ಸೇರಿಸಿದ್ದೀಯಾ? ಈ ಸಂಬಂಧ ಕೂಡೋದೇ ಇಲ್ಲ." ಶಾರದಮ್ಮ ಕಾಫಿ ಲೋಟ ಕೆಳಗಿಟ್ಟರು. "ಶಂಕ್ರಾ, ಹೋದ ವಾರ ಧೂಳು ಹೊಡೆಯುವಾಗ ನಿನ್ನ ಆ ತೂತಿನ ಕಾರ್ಡಿನ ಡಬ್ಬ ಕೈಜಾರಿ ಬಿತ್ತು. ಆಮೇಲೆ ಎಲ್ಲಾ ಎತ್ತಿ ಜೋಡಿಸಿಟ್ಟೆ."

"ಮೊದಲಿದ್ದ ಹಾಗೇನಾ?"

"ಕಾರ್ಡುಗಳ ಕತ್ತರಿಸಿದ ಮೂಲೆ ಎಲ್ಲಾ ಒಂದೇ ಕಡೆ ಬರೋ ಹಾಗೆ. ನಾನೇನು ದಡ್ಡೀನಾ?"

ಶಂಕರನಾರಾಯಣ ಪೆಚ್ಚಾದರು. ಆ ಅಕ್ಷರಗಳನ್ನು ಕಂಪ್ಯೂಟರಿಗೆ ಓದಿಸುವ ತೂತಿನ ಕಾರ್ಡುಗಳು ಪ್ರಾಣಿಗೆ ಎರಡರಂತೆ; ಮೊದಲ ಭಾಗ ಒಂದರಲ್ಲಿ, ಉಳಿದದ್ದು ಇನ್ನೊಂದರಲ್ಲಿ. ಈಗ ಕೋಳಿಯ ತಲೆಗೆ ಕೋತಿಯ ಬಾಲ, ಕೋತಿಯ ತಲೆಗೆ ಮೀನಿನ ಬಾಲ! ಕಾರ್ಡಿಗೆ ನಂಬರು ಹಾಕದ ವಿದ್ಯಾರ್ಥಿಗಳನ್ನು ತರಗತಿಯಿಂದ ಆಚೆಗಟ್ಟುವ ಈ ಮಹಾನುಭಾವರು ತಮ್ಮ ಕಾರ್ಡುಗಳಿಗೆ ಮಾತ್ರ ನಂಬರೇ ಹಾಕಿರಲಿಲ್ಲ.

ಡೀನ್ ಕಾಫಿ ಚೆಲ್ಲುವಷ್ಟು ನಕ್ಕರು. "ಮೆಷಿನ್ನಿಗೂ ಗೊತ್ತಾಗ್ಲಿಲ್ಲ, ನಿಮಗೂ ಗೊತ್ತಾಗ್ಲಿಲ್ಲ. ಹೋಗ್ಲಿ, ಇನ್ನೊಂದ್ಸಲ ಓಡಿಸಿ. ಆದ್ರೆ ನನ್ನ ಹತ್ರ ತರೋಕೆ ಮುಂಚೆ ಅಮ್ಮನವರಿಗೆ ತೋರಿಸಿ. ಅವರು ಒಪ್ಪಿದ್ರೆ ಆ ಎರಡು ಗಂಟೆ ನಿಮ್ಮದೇ."

ಮುಂದಿನ ಶುಕ್ರವಾರ ಶಾರದಮ್ಮ ಕನ್ನಡಕ ಏರಿಸಿಕೊಂಡು ಹೊಸ ಕಾಗದದ ಮೇಲೆ ಬೆರಳಾಡಿಸಿದರು. ಮನುಷ್ಯ, ಕೋತಿ ಅಕ್ಕಪಕ್ಕ. ನೂರನಾಲ್ಕು ಅಕ್ಷರಗಳಲ್ಲಿ ಒಂದೇ ಒಂದು ವ್ಯತ್ಯಾಸ. ಪ್ರೊಫೆಸರು ಪರೀಕ್ಷೆ ಬರೆದ ಹುಡುಗನಂತೆ ಉಗುರು ಕಚ್ಚುತ್ತ ನಿಂತಿದ್ದರು.

"ಸರಿಯಾಗಿದೆ," ಎಂದರು ಶಾರದಮ್ಮ, ಕನ್ನಡಕ ಮಡಿಸುತ್ತ. "ಆದ್ರೆ ಇಬ್ಬರದ್ದೂ ಒಂದೇ ಗೋತ್ರ ಕಣೋ. ಮದುವೆ ಮಾತು ಎತ್ತೋ ಹಾಗಿಲ್ಲ ಅಂತ ನಿನ್ನ ಡೀನಿಗೆ ಹೇಳ್ಬಿಡು."