ಈ ವರ್ಷವೂ ಅವಿಭಾಜ್ಯ

ಮನೆಗೊಂದು ಅವಿಭಾಜ್ಯ ಸಂಖ್ಯೆ ಕೊಟ್ಟು, ಅದರಿಂದಲೇ ನಲ್ಲಿ ತೆರೆಯಬೇಕೆಂಬ ಕಾನೂನು ಬಂದಮೇಲೆ ನಮ್ಮೂರ ಕಚೇರಿಯಲ್ಲಿ ಪ್ರತಿ ನವೆಂಬರಿಗೂ ಈ ಸಾಲು ಇದ್ದದ್ದೇ. ತಮ್ಮ ಸಂಖ್ಯೆ ಇನ್ನೂ ಅವಿಭಾಜ್ಯವಾಗಿಯೇ ಇದೆ ಎಂದು ವರ್ಷಕ್ಕೊಮ್ಮೆ ಬರೆಸಿಕೊಳ್ಳದವರ ಮನೆಗೆ ನೀರು ನಿಲ್ಲುತ್ತದೆ. ನಿವೃತ್ತ ಗಣಿತ ಶಿಕ್ಷಕಿ ಗಿರಿಜಾಂಬ ಎಂಟು ದಿನದಿಂದ ಪಕ್ಕದ ಮನೆಯಿಂದ ನೀರು ಹೊರುತ್ತಿದ್ದರು. ಕೌಂಟರಿನಲ್ಲಿ ಕೂತಿದ್ದವನು ಅವರ ಹಳೆಯ ಶಿಷ್ಯ ಚನ್ನವೀರ.

"ಹೋದ ವರ್ಷದ ಸರ್ಟಿಫಿಕೇಟ್ ಇದೆಯಲ್ಲೋ!"

"ಅದು ಹೋದ ವರ್ಷದ್ದು ಮೇಡಂ. ಈಚೆಗೆ ಯಾವುದರಿಂದಾದ್ರೂ ಭಾಗ ಆಗಿದ್ರೆ?"

"ಒಂದ್ಸಲ ಅವಿಭಾಜ್ಯ ಅಂದ್ರೆ ಪ್ರಳಯ ಆದ್ರೂ ಅವಿಭಾಜ್ಯನೇ ಕಣೋ! ಏಳನೇ ಕ್ಲಾಸಲ್ಲಿ ನಾನೇ ಹೇಳಿಕೊಟ್ಟಿರಲಿಲ್ವಾ?"

"ಹಾಗಂತ ಮೇಲಿಂದ ಆರ್ಡರ್ ಬಂದಿಲ್ಲ ಮೇಡಂ."

ಆದರೂ ಗುರುಭಕ್ತಿಯಿಂದ ಅವರ ಸಂಖ್ಯೆಯ ನಲವತ್ತು ಅಂಕಿಗಳನ್ನು ಒಂದೊಂದಾಗಿ ಒತ್ತತೊಡಗಿದ. ಕೊನೆಯ ಏಳನ್ನು ಮಾತ್ರ ಕಂಪ್ಯೂಟರ್ ತೆಗೆದುಕೊಳ್ಳಲೇ ಇಲ್ಲ. ಎರಡು ಸಲ ಒತ್ತಿ ನೋಡಿ, ಅದರ ಜಾಗದಲ್ಲಿ ಸೊನ್ನೆ ಹಾಕಿದ.

"ರೌಂಡ್ ಮಾಡಿದೀನಿ ಮೇಡಂ. ಇನ್ಮೇಲೆ ಇದೇ ನಿಮ್ಮ ನಂಬರು."

ಠಪ್ಪನೆ ಮೊಹರು ಬಿತ್ತು: ಅವಿಭಾಜ್ಯ.

ಕೊನೆಯಲ್ಲಿ ಸೊನ್ನೆ ಬಂದರೆ ಹತ್ತರಿಂದ ಭಾಗವಾಗುತ್ತದೆ ಎಂದು ಮೂವತ್ತನಾಲ್ಕು ವರ್ಷ ಬೋರ್ಡಿನ ಮೇಲೆ ಬರೆದಿದ್ದ ಗಿರಿಜಾಂಬ ಬಾಯಿ ತೆರೆದರು. ಅಷ್ಟರಲ್ಲಿ ಹಿಂದಿನವರು ಖಾಲಿ ಬಿಂದಿಗೆ ಕುಕ್ಕಿ, "ಆಯ್ತೇನ್ರೀ ನಿಮ್ದು?" ಎಂದರು.

"ಆಯ್ತು," ಎಂದು ಗಿರಿಜಾಂಬ ಕಾಗದ ಮಡಚಿ ಬ್ಯಾಗಿಗೆ ಸೇರಿಸಿದರು.

ಸಂಜೆ ನಲ್ಲಿಯಲ್ಲಿ ನೀರು ಬಂತು. ಹೋದ ವರ್ಷಕ್ಕಿಂತ ಜೋರಾಗಿಯೇ ಬಂತು.