ಒಬ್ಬ ಅವ್ವನಿಗಾಗಿ ಒನ್ಸ್ ಮೋರ್

ಸಿನಿಮಾ ಹುಚ್ಚರು ಅಂದರೆ ಮೂಗು ಮುರಿಯುವವರೇ, ಇದನ್ನು ಪೂರ್ತಿ ಓದಿ... ಆಮೇಲೆ ಬೇಕಾದರೆ ಬೈಯಿರಿ.

ಶುಕ್ರವಾರ ಬೆಳಗ್ಗೆ ಹತ್ತು ಗಂಟೆ. ಮಂಡ್ಯದ ಒಂದು ಹಳೇ ಟಾಕೀಸು. ಹೊಸ ಪಿಕ್ಚರಿನ ಮೊದಲ ದಿನ, ಮೊದಲ ಷೋ...

ಹೊರಗೆ ನಲವತ್ತು ಅಡಿ ಕಟೌಟಿಗೆ ಹಾಲಿನ ಅಭಿಷೇಕ ಆಗಷ್ಟೇ ಮುಗಿದಿತ್ತು. ಒಳಗೆ ಕಾಲಿಡಲು ಜಾಗವಿರಲಿಲ್ಲ.

ಅಭಿಮಾನಿ ಸಂಘದ ಬೆಟ್ಟಸ್ವಾಮಿ ಲಾರಿಗಳಿಗೆ ಗ್ರೀಸ್ ಹೊಡೆಯುವವನು. ವಾರವೆಲ್ಲ ಕಂಡಕಂಡವರ ಹತ್ತಿರ ಬೈಸಿಕೊಳ್ಳುವವನಿಗೆ ಈ ಒಂದು ಬೆಳಗ್ಗೆ ಮಾತ್ರ ತಾನೇ ರಾಜ...

ಹೀರೋ ಎಂಟ್ರಿ ಬಂತು. ಪರದೆಯ ಮೇಲೆ ಇಪ್ಪತ್ತು ತಮಟೆಗಳು ಒಟ್ಟಿಗೆ ಗುಡುಗಿದವು.

ಬೆಟ್ಟಸ್ವಾಮಿಯ ಗ್ಯಾಂಗು ಪರದೆಯ ಮುಂದಿನ ಸ್ಟೇಜಿಗೆ ಹಾರಿತು. ಶರ್ಟು ಬಿಚ್ಚಿ ಗರಗರ ತಿರುಗಿಸಿದರು. ಪೇಪರ್ ಚೂರು ಎರಚಿದರು. ಪರದೆ ಅರ್ಧ ಕಾಣಲೇ ಇಲ್ಲ.

ಕಾಣದಿದ್ದರೆ ಏನಂತೆ... ಎಂಟ್ರಿ ಇರುವುದೇ ಕುಣಿಯಲಿಕ್ಕೆ.

ಹಾಡು ಮುಗಿಯಿತು. ಬೆವರು ಒರೆಸಿಕೊಂಡು ಕೆಳಗಿಳಿದ ಬೆಟ್ಟಸ್ವಾಮಿಗೆ ಮುಂದಿನ ಸಾಲಿನಲ್ಲಿ ಒಬ್ಬ ಹೆಂಗಸು ಕಂಡಳು. ಸೆರಗನ್ನು ಬಾಯಿಗೆ ಒತ್ತಿಕೊಂಡು ಅಳುತ್ತಿದ್ದಳು.

"ಯಾಕವ್ವ, ಯಾರಾದ್ರೂ ಕಾಲು ತುಳುದ್ರಾ?"

"ಇಲ್ಲ ಕಣಪ್ಪ... ನನ್ ಮಗ ಬಂದೋದ. ನಂಗೆ ಕಾಣ್ನಿಲ್ಲ."

"ಹೊರಿಕ್ಕೋದ್ನಾ? ಇರು, ಕರ್ಕಂಬತ್ತೀನಿ."

ಅವಳು ಪರದೆಯ ಕಡೆ ಕೈ ತೋರಿಸಿದಳು.

"ಅಲ್ಲಿ... ತಮಟೆ ಬಾರ್ಸೋರಲ್ಲಿ ಒಬ್ಬ. ತಲೆಗೆ ಕೆಂಪು ಟವಲ್ ಸುತ್ತವ್ನಂತೆ. ಶೂಟಿಂಗಿಂದ ಬಂದ ಎರಡೇ ತಿಂಗ್ಳಿಗೆ ಕಾಮಾಲೆ ಬಂದು ಹೋಗ್ಬುಟ್ಟ. ಮನೇಲಿ ಒಂದು ಫೋಟೊ ಅದೆ. ಅದು ಅಲ್ಲಾಡಕ್ಕಿಲ್ಲ... ಅವ್ನು ಕುಣಿಯೋದು ಇನ್ನೊಂದ್ಸಲಿ ನೋಡವ ಅಂತ ಬಂದೆ."

ಬೆಟ್ಟಸ್ವಾಮಿ ಬಿಚ್ಚಿದ ಶರ್ಟು ಹಾಕಿಕೊಳ್ಳುತ್ತಿದ್ದಂತೆ ಅವಳೇ ಕೇಳಿದಳು.

"ಭಾನುವಾರ ಬಂದ್ರೆ ಇಷ್ಟೊಂದು ಕುಣಿಯಾಕಿಲ್ವಾ, ಮಗ?"

ಬೈದಿದ್ದರೆ ತಡೆದುಕೊಳ್ಳುತ್ತಿದ್ದ. ಅವಳು ನಿಜವಾಗಿಯೂ ಕೇಳುತ್ತಿದ್ದಳು...

ಅವನು ಎರಡೆರಡು ಮೆಟ್ಟಿಲು ಹಾರಿ ಪ್ರೊಜೆಕ್ಟರ್ ರೂಮಿಗೆ ಓಡಿ, ಎಂಟ್ರಿ ಇನ್ನೊಮ್ಮೆ ಹಾಕಲು ಕೇಳಿದ. ಅಲ್ಲಿ ಮೂವತ್ತು ವರ್ಷದಿಂದ ಪಿಕ್ಚರ್ ಓಡಿಸುತ್ತಿದ್ದ ಗಫೂರಣ್ಣ ತಲೆಯನ್ನೇ ಎತ್ತಲಿಲ್ಲ.

"ಒನ್ಸ್ ಮೋರ್ ಎಲ್ಲ ರೀಲಿನ ಕಾಲಕ್ಕೇ ಮುಗೀತು. ಟೈಮಿಗೆ ಷೋ ಬಿಡ್ದಿದ್ರೆ ನನ್ನ ಮನೆಗೆ ಕಳಿಸ್ತಾರೆ. ಹೋಗ್ಲಾ, ಕುಣ್ಕೋ ಹೋಗು."

ಬೆಟ್ಟಸ್ವಾಮಿ ಏದುಸಿರು ಬಿಡುತ್ತಲೇ ಎಲ್ಲ ಹೇಳಿದ. ಗಫೂರಣ್ಣ ಈಗ ತಲೆ ಎತ್ತಿದ.

"ನೀವು ಎದ್ದು ನಿಂತ್ರೆ ಹತ್ತು ಸಲ ಹಾಕಿದ್ರೂ ಆಯಮ್ಮಂಗೆ ಕಾಣಲ್ಲ. ಜನಾನ ಕೂರುಸ್ತೀಯಾ? ಕೂರ್ಸು... ಹಾಕ್ತೀನಿ."

ಎಂಟ್ರಿಗೆ ಅಭಿಮಾನಿಗಳನ್ನು ಕೂರಿಸುವುದೇ? ಅದೂ ಆರುನೂರು ಜನರನ್ನು?

ಪಿಕ್ಚರ್ ನಿಂತಿತು. ಲೈಟು ಹತ್ತಿತು. ನಾಲ್ಕೂ ಕಡೆಯಿಂದ ಬೈಗುಳ ಶುರುವಾಯಿತು. ಬೆಟ್ಟಸ್ವಾಮಿ ಮತ್ತೆ ಸ್ಟೇಜು ಹತ್ತಿದ.

"ಎಂಟ್ರಿ ಇನ್ನೊಂದ್ಸಲ ಹಾಕ್ತಾರೆ. ಆದ್ರೆ ಒಬ್ಬನೂ ಏಳಂಗಿಲ್ಲ."

"ಲೇ ಬೆಟ್ಟ, ಕೂತ್ಕಂಡು ನೋಡಾಕೆ ಇದೇನು ತಿಥಿ ಮನೆಯೇನ್ಲಾ?"

ಟಾಕೀಸೆಲ್ಲ ನಕ್ಕಿತು.

"ಹೂಂ ಕಣ್ಲಾ, ಹಂಗೇ ಅನ್ಕೋ." ಅವನು ಮುಂದಿನ ಸಾಲಿನ ಕಡೆ ಕೈ ತೋರಿಸಿದ. "ಈ ಅವ್ವನ ಮಗ ತೀರೋಗವ್ನೆ. ಹೀರೋ ಹಿಂದುಗಡೆ ತಮಟೆ ಬಾರುಸ್ಕೊಂಡು ಬತ್ತಾನೆ. ಅದ್ನೊಂದು ನೋಡಾಕೆ ಬಂದವ್ರೆ... ನಾವು ಅಡ್ಡ ನಿಂತಿದ್ವಿ."

ನಗು ಅಲ್ಲೇ ಸತ್ತಿತು. ನಗಿಸಿದವನೇ ಎಲ್ಲರಿಗಿಂತ ಮೊದಲು ಕೂತ.

ಕತ್ತಲಾಯಿತು. ತಮಟೆ ಗುಡುಗಿತು... ಹೀರೋ ಬಂದ. ಒಂದು ಶಿಳ್ಳೆ ಇಲ್ಲ. ಆರುನೂರು ಜನ ಉಸಿರು ಬಿಗಿಹಿಡಿದು ಹೀರೋನ ಬೆನ್ನ ಹಿಂದೆ ಹುಡುಕುತ್ತಿದ್ದರು.

ಕೆಂಪು ಟವಲ್... ಎಡಗಡೆಯಿಂದ ಮೂರನೆಯವನು. ಹಲ್ಲೆಲ್ಲ ಬಿಟ್ಟು ನಗುತ್ತ, ಸೊಂಟ ಬಳುಕಿಸಿ, ನೆಲ ಅದುರುವಂತೆ ಕುಣಿಯುತ್ತಿದ್ದ.

ನಾಲ್ಕೇ ಸೆಕೆಂಡು.

ಇಡೀ ಟಾಕೀಸಿನಲ್ಲಿ ಎದ್ದು ನಿಂತಿದ್ದವಳು ಅವಳೊಬ್ಬಳೇ.

"ಅಗಾ... ನನ್ ಸಿದ್ರಾಜು."

ಬಾಲ್ಕನಿಯಿಂದ ಯಾರೋ ಕೂಗಿದರು. "ಸಿದ್ರಾಜುಗೆ ಒನ್ಸ್ ಮೋರ್..."

ಅಷ್ಟೇ. ಟಾಕೀಸಿನ ಹೆಂಚು ಹಾರಿಹೋಗುವಂತೆ ಆರುನೂರು ಗಂಟಲು ಅದೇ ಮಾತು ಕೂಗಿದವು. ಗಫೂರಣ್ಣ ಯಾರ ಅಪ್ಪಣೆಗೂ ಕಾಯಲಿಲ್ಲ. ಮತ್ತೆ ಹಾಕಿದ.

ಈ ಸಲ ಅವ್ವನನ್ನು ಎಲ್ಲರಿಗಿಂತ ಮುಂದೆ ನಿಲ್ಲಿಸಿ, ಅವಳ ಬೆನ್ನ ಹಿಂದೆ ನಿಂತು ಕುಣಿದರು. ಶಿಳ್ಳೆ, ಪೇಪರ್, ಜೈಕಾರ ಎಲ್ಲ... ಆ ತಮಟೆಯವನಿಗೆ.

ಹಾಡು ಮುಗಿಯುತ್ತಲೇ ಮತ್ತೆ ಒನ್ಸ್ ಮೋರ್ ಎದ್ದಿತು. ಅವ್ವ ಹಿಂದೆ ತಿರುಗಿ ಕೈ ಎತ್ತಿದಳು. ಕೆನ್ನೆ ತೊಯ್ದಿತ್ತು, ಮುಖ ಅರಳಿತ್ತು.

"ಸಾಕು ಕಣ್ರಪ್ಪ... ನನ್ ಮಗನ್ನ ನೋಡ್ದೆ. ಇನ್ನು ಮುಂದ್ಕೆ ಬುಡಿ, ಕತೆ ಏನಾಯ್ತದೋ ನೋಡವ."

ಅವಳು ಕೂತಳು. ಬೆಟ್ಟಸ್ವಾಮಿ ಅವಳ ಕಾಲ ಹತ್ತಿರ ನೆಲದ ಮೇಲೆ ಕೂತು, ಜೀವನದಲ್ಲಿ ಮೊದಲ ಸಲ ಒಂದು ಪಿಕ್ಚರನ್ನು ಪೂರ್ತಿ ನೋಡಿದ...

ಪರದೆಯಲ್ಲಿ ನಮಗೆ ಹಿಂದಿನ ಸಾಲಿನಲ್ಲಿ ಕಾಣುವವನು ಯಾವುದೋ ಒಂದು ಮನೆಗೆ ಹೀರೋ.

ನೀವು ಎದ್ದು ಕುಣಿಯುವಾಗ, ಹಿಂದೆ ಕೂತವರಿಗೆ ಏನು ಕಾಣದೆ ಹೋಯಿತು ಅಂತ ಯಾವತ್ತಾದರೂ ತಿರುಗಿ ನೋಡಿದ್ದೀರಾ?