ತಪ್ಪು ಯಾರದು?

"ತಪ್ಪು ಯಾರದು ಅಂತ ಕೇಳ್ತಿದ್ದಾರೆ ಅಪ್ಪ," ಎಂದಳು ಸೃಷ್ಟಿ.

ಸ್ಪೀಕರಿಗೆ ಹಾಕಿದ್ದ ಫೋನಿನ ಆ ಕಡೆ ವಕೀಲರಮ್ಮ ಕಾಯುತ್ತಿದ್ದರು. ಈ ಕಡೆ, ಲಂಡನ್ನಿನ ಫೆಲ್ಥಮ್ಮಿನ ಪುಟ್ಟ ಫ್ಲಾಟಿನಲ್ಲಿ, ಭೋಜ ಬಲಗೈಯ ಪ್ಲಾಸ್ಟರನ್ನು ಮಡಿಲಲ್ಲಿಟ್ಟುಕೊಂಡು ಕೂತಿದ್ದ. ಹೋಟೆಲಿನ ಅಡುಗೆಮನೆಯ ಒದ್ದೆ ನೆಲದ ಮೇಲೆ ಕಾಲು ಜಾರಿ ಬಿದ್ದು ಮಣಿಕಟ್ಟು ಮುರಿದುಕೊಂಡಿದ್ದ. ದೋಸೆ ಹೊಯ್ಯುವ ಕೈ. ಮೊದಲಿನಂತೆ ತಿರುಗುವುದು ಅನುಮಾನ ಎಂದು ಆಸ್ಪತ್ರೆಯವರು ಹೇಳಿಯಾಗಿತ್ತು. ಪರಿಹಾರ ಬೇಕಾದರೆ, ಧಣಿಯ ತಪ್ಪಿನಿಂದಲೇ ಬಿದ್ದೆ ಅನ್ನಬೇಕಂತೆ. ಆ ಧಣಿಯೋ, ಎದುರಿನ ಕುರ್ಚಿಯಲ್ಲೇ ಕೂತು ಚಹಾ ಹೀರುತ್ತಿದ್ದರು!

ಸೂರಜ ಶೆಟ್ಟರು ಬಂದದ್ದೇ ಧೈರ್ಯ ತುಂಬಲಿಕ್ಕೆ. "ಹೇಳ್ ಮಾರಾಯ, ತಪ್ಪು ನಂದೇ ಅಂದೇಳಿ ಹೇಳ್," ಎಂದು ಪಿಸುಗುಟ್ಟಿದರು. "ದುಡ್ಡ್ ಕೊಡೂದ್ ನಾನಲ್ಲ, ಇನ್ಶೂರೆನ್ಸಿನವ್ರ್. ಸುಮ್ನೆ ಒಂದ್ ಮಾತ್ ಅಷ್ಟೆ."

"ಹ್ಯಾಂಗ್ ಹೇಳೂದ್ ಅಣ್ಣಾ? ಅದೂ ನಿಮ್ಮೆದುರಿಗೆ!"

ಭೋಜನಿಗೆ ತಲೆಬುಡ ಅರ್ಥವಾಗಲಿಲ್ಲ. ಯಾರ ಮೇಲೆ ಕೇಸು ಹಾಕಬೇಕೋ ಅವರೇ ಬಂದು ಹಾಕು ಹಾಕು ಎಂದು ದುಂಬಾಲು ಬೀಳುವುದನ್ನು ಅವನು ಕುಂದಾಪುರದಲ್ಲಂತೂ ಕಂಡಿರಲಿಲ್ಲ. ಸೃಷ್ಟಿ ತೊದಲು ಮಾತಾಡುತ್ತಿದ್ದಾಗ ಇಡೀ ಸಂಸಾರವನ್ನು ಲಂಡನ್ನಿಗೆ ಕರೆಸಿಕೊಂಡ ಮನುಷ್ಯ ಇವರು. ಕೈ ವಾಸಿಯಾದ ಮೇಲೆ ಹೋಗಬೇಕಾದದ್ದೂ ಇವರ ಹೋಟೆಲಿಗೇ. ಇವರ ಮನಸ್ಸು ಕೆಟ್ಟರೆ ಇನ್ನೆಲ್ಲಿಗೆ ಹೋಗುವುದು? ಹೇಳಿದರೂ ಕಷ್ಟ, ಹೇಳದಿದ್ದರೂ ಕಷ್ಟ.

"ಯಾರ್ ತಪ್ಪೂ ಅಲ್ಲ ಮಗಾ. ಎಲ್ಲ ನನ್ನ ಹಣೆಬರ," ಎಂದುಬಿಟ್ಟ.

ಅಪ್ಪನ ಕನ್ನಡ ಸೃಷ್ಟಿಗೆ ಚೆನ್ನಾಗಿಯೇ ಬರುತ್ತಿತ್ತು. ಆದರೆ ಈ ಮಾತಿಗೆ ಅವಳು ತಡವರಿಸಿದಳು. ತನ್ನ ಹಣೆಯನ್ನೊಮ್ಮೆ ಮುಟ್ಟಿಕೊಂಡು, ಎಲ್ಲ ಅವರ ಹಣೆಯ ಮೇಲಿದೆಯಂತೆ ಎಂದು ಇಂಗ್ಲಿಷಿನಲ್ಲಿ ಒಪ್ಪಿಸಿದಳು. ವಕೀಲರಮ್ಮ ಗಾಬರಿಯಾದರು. ಹಣೆಗೂ ಪೆಟ್ಟಾಗಿದೆಯೇ? ಸ್ಕ್ಯಾನ್ ಮಾಡಿಸಿದ್ದೀರಾ? ಇಷ್ಟು ದಿನ ಯಾಕೆ ಹೇಳಲಿಲ್ಲ?

"ನೋ, ನೋ! ಹೆಡ್ ಗುಡ್!" ಎಂದು ಭೋಜ ಫೋನಿಗೇ ಕೂಗಿದ. ಶೆಟ್ಟರು ನಕ್ಕ ನಗೆಗೆ ಚಹಾ ನೆತ್ತಿಗೇರಿತು.

ವಕೀಲರಮ್ಮ ತಾಳ್ಮೆಯವರು. ತಪ್ಪಿನ ಮಾತು ಹಾಗಿರಲಿ, ಅಲ್ಲಿ ನೆಲ ಯಾಕೆ ಒದ್ದೆಯಾಗಿತ್ತು, ಅಷ್ಟು ಹೇಳಿದರೆ ಸಾಕು ಎಂದರು. ಭೋಜನಿಗೆ ಹೋದ ಜೀವ ಬಂದಂತಾಯಿತು. ಯಾರನ್ನೂ ದೂರಬೇಕಾಗಿಲ್ಲ, ನಡೆದದ್ದನ್ನು ಹೇಳಿದರೆ ಮುಗಿಯಿತು!

"ಪಾತ್ರೆ ತೊಳೂ ಮಿಶನ್ನಿನ ಪೈಪ್ ಸೋರ್ತಿತ್ತ್," ಎಂದು ಉತ್ಸಾಹದಿಂದಲೇ ಶುರುಮಾಡಿದ. "ಅಣ್ಣನ ಹತ್ರ ಹೇಳ್ದೆ. ದೀಪಾವಳಿ ಗಲಾಟೆ ಮುಗೀಲಿ ಅಂದ್ರ್. ಮತ್ತೆ ಹೇಳ್ದೆ, ಕ್ರಿಸ್‌ಮಸ್ ಕಳೀಲಿ ಅಂದ್ರ್. ಕಡಿಗೆ ನಾನೇ ಒಂದ್ ಅಕ್ಕಿ ಚೀಲ ಹಾಸಿದ್ದೆ. ಚಂದ ಕಾಣ್ತಿಲ್ಲೆ ಅಂದೇಳಿ ಅದನ್ನೂ ಅವ್ರೇ ತೆಗ್ಸಿದ್ರ್. ಮರುದಿನ ನಾನ್ ಬಿದ್ದದ್ದ್."

ಈ ಸಲ ಯಾವ ಮಾತೂ ಸೃಷ್ಟಿಗೆ ತೊಡಕಾಗಲಿಲ್ಲ. ಆ ಕಡೆಯಿಂದ ಟೈಪು ಮಾಡುವ ಸದ್ದು ಬಹಳ ಹೊತ್ತು ಕೇಳಿಸಿತು. ಇಷ್ಟೇ ಬೇಕಾಗಿದ್ದದ್ದು, ತುಂಬಾ ಉಪಕಾರವಾಯಿತು ಎಂದು ಹೇಳಿ ವಕೀಲರಮ್ಮ ಫೋನಿಟ್ಟರು.

ಭೋಜ ಗೆಲುವಿನಿಂದ ಎದುರಿನ ಕುರ್ಚಿಯತ್ತ ತಿರುಗಿದ. "ಸಮ ಆಯ್ತಲ್ದಾ ಅಣ್ಣಾ? ನಿಮ್ಮ ತಪ್ಪ್ ಅಂದೇಳಿ ಒಂದ್ ಸಲವೂ ಬಾಯ್ ಬಿಡ್ಲಿಲ್ಲೆ, ಕಾಣಿ."

ಶೆಟ್ಟರು ಅರ್ಧ ಕುಡಿದ ಚಹಾವನ್ನು ಹಾಗೇ ಬಿಟ್ಟು ಎದ್ದರು, ಕೋಟು ತೊಟ್ಟರು. ಭೋಜ ಏನೊಂದೂ ತಿಳಿಯದೆ ಅವರ ಹಿಂದೆಯೇ ಬಾಗಿಲವರೆಗೆ ಹೋದ. ಹೊಸ್ತಿಲು ದಾಟುವಾಗ ಅವರು ನಿಂತು, ಅವನ ಮುಖ ನೋಡದೆ ಹೇಳಿದರು:

"ತಪ್ಪು ನಂದು ಅಂದೇಳಿ ಸುಮ್ನೆ ಹೇಳ್ ಅಂದ್ರೆ, ನೀನ್ ನಿಜವಾಗಿಯೂ ನಂದೇ ಅಂದೇಳಿ ಹೇಳ್ಬಿಟ್ಯಲ್ಲ ಮಾರಾಯ!"